ಕಿಟ್ವೆಯ ಕಪ್ಪು ಬೆಟ್ಟ: ತಾಮ್ರ ಯಾರಿಗೆ, ಕೆಸರು ಯಾರಿಗೆ?

ಮುಂಗಾರು ಬಲಿಯುವ ಹೊತ್ತಿಗೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗದ ಭಯ ಆರಂಭವಾಗುತ್ತದೆ. ಪೇಟೆಯಿಂದ ಮೈಲುತುತ್ತ ಬರುತ್ತದೆ, ಸುಣ್ಣ ಬರುತ್ತದೆ. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋದಂತೆ ಬೆರೆತು ಬೋರ್ಡೋ ದ್ರಾವಣ ಸಿದ್ಧವಾಗುತ್ತದೆ. ಮೈಲುತುತ್ತವೆಂದರೆ ತಾಮ್ರ ಮತ್ತು ಗಂಧಕಾಮ್ಲ ಕೂಡಿ ಆದ ಲವಣ. ತೋಟಕ್ಕೆ ಬೇಕಾದ ಈ ತಾಮ್ರ, ಬಚ್ಚಲ ಹಂಡೆಯ ತಾಮ್ರ, ಮನೆಯ ತಂತಿಯೊಳಗಿನ ತಾಮ್ರ ಯಾವ ನೆಲದಿಂದ ಬಂದಿತೆಂದು ಕೇಳುವವರು ವಿರಳ. ಲೋಹವು ಕರಗಿ ಅಚ್ಚಾಗಿ ಹಡಗನ್ನೇರಿದ ಮೇಲೆ ಅದಕ್ಕೆ ಊರಿನ ಗುರುತು ಉಳಿಯುವುದಿಲ್ಲ. ಅದನ್ನು ಅಗೆದ ಊರಿಗೆ ಮಾತ್ರ ಆ ಗುರುತು ಅಳಿಯದೆ ಉಳಿಯುತ್ತದೆ. ಅಂತಹ ಊರುಗಳಲ್ಲಿ ಒಂದು, ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಜಾಂಬಿಯಾ ದೇಶದ ಕಿಟ್ವೆ.

ಅದು ಬಹುದೂರದ ಊರು. ಆದರೂ ಗಣಿಗಾರಿಕೆಯ ವಿಷಯದಲ್ಲಿ ಯಾವುದೇ ನಿಲುವು ತಾಳುವ ಮೊದಲು ಗುಡ್ಡಗಾಡಿನ ಹಳ್ಳಿಗರೂ ವಿದ್ಯಾರ್ಥಿಗಳೂ ಅದರ ಕಥೆಯನ್ನು ತಿಳಿಯುವುದು ಅಗತ್ಯ. ಗಣಿಯ ಅಭಿವೃದ್ಧಿ ಎಂಬುದನ್ನು ತೊಂಬತ್ತು ವರ್ಷಗಳ ಕಾಲ ಬದುಕಿ ನೋಡಿದ ಊರು ಅದು. ಅಲ್ಲಿನ ಅನುಭವ ಯಾವ ಭಾಷಣಕ್ಕಿಂತಲೂ ಹೆಚ್ಚು ಕಲಿಸಬಲ್ಲದು.

ನಗರದ ಮುಖ

ಎನ್‌ಡೋಲಾ ಪಟ್ಟಣದಿಂದ ಸುಮಾರು ಅರವತ್ತು ಕಿಲೋಮೀಟರ್ ಸಾಗಿದರೆ ಕಿಟ್ವೆ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಪ್ರಸ್ಥಭೂಮಿ. ಸುತ್ತಲೂ ಮಿಯೊಂಬೊ ಎಂದು ಕರೆಯಲಾಗುವ ಎಲೆ ಉದುರುವ ಕಾಡು. ಎನ್‌ಕಾನಾ ಗಣಿಯ ಪಕ್ಕದಲ್ಲಿ 1936ರಲ್ಲಿ ಈ ಊರು ಹುಟ್ಟಿತು. ಗಣಿ ಮೊದಲು, ಊರು ಆಮೇಲೆ. ಹೀಗಾಗಿ ಊರಿನ ನಕ್ಷೆಯೇ ಗಣಿಯ ಲೆಕ್ಕಪುಸ್ತಕದಂತಿದೆ. ಬಿಳಿಯ ಅಧಿಕಾರಿಗಳಿಗಾಗಿ ಕಟ್ಟಿದ ವಿಶಾಲ ಅಂಗಳದ ಮನೆಗಳು ಎನ್‌ಕಾನಾ ವೆಸ್ಟ್ ಬಡಾವಣೆಯಲ್ಲಿ. ಆಫ್ರಿಕನ್ ಕಾರ್ಮಿಕರಿಗಾಗಿ ಕಟ್ಟಿದ ಚಿಕ್ಕ ಮನೆಗಳ ಸಾಲು ವುಸಕಿಲೆಯಲ್ಲಿ. ಚಿಸೊಕೊನೆ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಟೊಮೇಟೊ, ಒಣಮೀನು, ಮೆಕ್ಕೆಜೋಳದ ಹಿಟ್ಟು, ಹಳೆಯ ಬಟ್ಟೆ ಎಲ್ಲವೂ ಮಾರಾಟವಾಗುತ್ತವೆ. ಆ ಹಿಟ್ಟಿನ ಗಟ್ಟಿ ಮುದ್ದೆಯೇ ಅಲ್ಲಿನವರ ದಿನನಿತ್ಯದ ಊಟ. ಅದನ್ನು ಅವರು ನ್ಶಿಮಾ ಎನ್ನುತ್ತಾರೆ.

ಆದರೆ ಸಂದರ್ಶಕನ ಕಣ್ಣು ಬೇಗನೆ ನೆಡುವುದು ಬೇರೊಂದು ನೋಟದ ಮೇಲೆ. ಅದು ಕಪ್ಪು ಬೆಟ್ಟ. ನಿಸರ್ಗ ನಿರ್ಮಿಸಿದ ಬೆಟ್ಟವಲ್ಲ. ಕರಗಿಸುವ ಕುಲುಮೆಯಿಂದ ದಶಕಗಳ ಕಾಲ ಹೊರಸುರಿದ ಕಿಟ್ಟದ ರಾಶಿ. ಅದರಲ್ಲಿ ಇನ್ನೂ ಅಳಿದುಳಿದ ತಾಮ್ರವೂ ಕೋಬಾಲ್ಟೂ ಇವೆ. ಕೆಲಸವಿಲ್ಲದ ಯುವಕರು ಆ ರಾಶಿಯನ್ನು ಗುದ್ದಲಿಯಿಂದ ಕೆದಕಿ ಹೊಟ್ಟೆ ಹೊರೆಯುತ್ತ ಬಂದಿದ್ದಾರೆ. 2018ರ ಜೂನ್ ತಿಂಗಳಲ್ಲಿ ರಾಶಿಯ ಒಂದು ಭಾಗ ಕುಸಿದು ಹತ್ತು ಮಂದಿ ಸತ್ತರು. ಗಣಿಯಿಂದ ಲೋಹ ಹೋಯಿತು, ಲಾಭ ಹೋಯಿತು. ಮೂರನೆಯ ತಲೆಮಾರಿಗೆ ಉಳಿದದ್ದು ಕಿಟ್ಟ. ಅದನ್ನು ಅಗೆಯುವುದಕ್ಕೂ ಪ್ರಾಣವನ್ನೇ ಒತ್ತೆಯಿಡಬೇಕು.

ನೂರರಲ್ಲಿ ಎರಡು ಮೂರು, ಉಳಿದದ್ದು ಎಲ್ಲಿಗೆ?

ಗಣಿಯ ಪರವಾದ ವಾದಗಳನ್ನು ಕೇಳುವಾಗ ನೆನಪಿಡಬೇಕಾದ ಸರಳ ಲೆಕ್ಕವೊಂದಿದೆ. ಈ ತಾಮ್ರಪಟ್ಟಿಯ ಅದಿರು ಜಗತ್ತಿನಲ್ಲಿಯೇ ಉತ್ತಮವಾದದ್ದೆಂದು ಹೆಸರಾದದ್ದು. ಆದರೂ ನೂರು ಕಿಲೋ ಅದಿರಿನಲ್ಲಿ ಸಿಗುವ ತಾಮ್ರ ಸಾಮಾನ್ಯವಾಗಿ ಎರಡು ಮೂರು ಕಿಲೋ ಮಾತ್ರ. ಉಳಿದದ್ದೆಲ್ಲ ನುಣ್ಣಗೆ ಅರೆದ ಕಲ್ಲುಹಿಟ್ಟು. ಅದನ್ನು ನೀರಿನೊಡನೆ ಕಲಸಿ, ಕೊಳವೆಯಲ್ಲಿ ಸಾಗಿಸಿ, ಮಣ್ಣಿನ ಅಣೆಕಟ್ಟಿನ ಹಿಂದೆ ಕೆಸರಾಗಿ ತುಂಬಿಸಿಡುತ್ತಾರೆ. ಗಂಧಕವಿರುವ ಅದಿರನ್ನು ಕುಲುಮೆಯಲ್ಲಿ ಕರಗಿಸಿದಾಗ ಗಂಧಕದ ಡೈಆಕ್ಸೈಡ್ ಅನಿಲ ಹೊಗೆಯಾಗಿ ಏಳುತ್ತದೆ. ಗಂಧಕವಿಲ್ಲದ ಅದಿರನ್ನು ಗಂಧಕಾಮ್ಲದಲ್ಲಿ ನೆನೆಸಿ ತಾಮ್ರವನ್ನು ಕರಗಿಸಿ ತೆಗೆಯುತ್ತಾರೆ. ಎರಡನೆಯ ವಿಧಾನದ ಕೆಸರಿನಲ್ಲಿ ಆಮ್ಲವೂ, ಭಾರಲೋಹಗಳೂ ಉಳಿಯುತ್ತವೆ. ಆದ್ದರಿಂದ ಗಣಿಯೆಂದರೆ ಕೇವಲ ಅಗೆದ ಗುಂಡಿಯಲ್ಲ. ಕೆಸರಿನ ಅಣೆಕಟ್ಟು, ಕೊಳವೆ, ಹೊಗೆ, ತೊರೆ ಇವೆಲ್ಲ ಸೇರಿ ಗಣಿ. ಗುಂಡಿ ಮುಚ್ಚಿದ ಮೇಲೆಯೂ ಅಣೆಕಟ್ಟು ಉಳಿಯುತ್ತದೆ. ಅದನ್ನು ಕಾಯುವವರು ಉಳಿಯುತ್ತಾರೆಯೇ ಎಂಬುದು ಪ್ರಶ್ನೆ.

2025ರ ಫೆಬ್ರುವರಿ 18ರಂದು ಈ ಪ್ರಶ್ನೆಗೆ ಕಿಟ್ವೆ ನಗರ ಉತ್ತರವನ್ನು ಕಂಡಿತು. ಸಮೀಪದ ಚಂಬಿಶಿಯಲ್ಲಿ ಚೀನಾದ ಸರ್ಕಾರಿ ಸ್ವಾಮ್ಯದ ಸಮೂಹಕ್ಕೆ ಸೇರಿದ ಸೈನೊ ಮೆಟಲ್ಸ್ ಕಂಪನಿಯ ಕೆಸರಿನ ಅಣೆಕಟ್ಟು ಒಡೆಯಿತು. ಆಮ್ಲಭರಿತ ಕೆಸರು ತೊರೆಗಳ ಮೂಲಕ ಹರಿದು ಕಾಫ್ಯೂ ನದಿಯನ್ನು ಸೇರಿತು. ಮೊದಲು ವರದಿಯಾದದ್ದು ಸುಮಾರು 5 ಕೋಟಿ ಲೀಟರ್. ಮುಂದೆ ಅದೇ ವರ್ಷ, ಪರಿಶೀಲನೆಗೆ ನೇಮಕವಾಗಿದ್ದ ಸಂಸ್ಥೆಯೊಂದು ಹೊರಬಿದ್ದ ವಿಷಕಾರಿ ಕೆಸರು ಸುಮಾರು 15 ಲಕ್ಷ ಟನ್ ಎಂದು ಅಂದಾಜಿಸಿತು. ಕಂಪನಿ ಅದನ್ನು ಒಪ್ಪಲಿಲ್ಲ. ಅಂಕಿಗಳ ಜಗಳ ಏನೇ ಇರಲಿ, ಸುಮಾರು 7 ಲಕ್ಷ ಜನರಿರುವ ನಗರಕ್ಕೆ ನದಿಯ ನೀರಿನ ಪೂರೈಕೆ ನಿಂತಿತು. ಸತ್ತ ಮೀನು ಬಹುದೂರದವರೆಗೆ ದಡಕ್ಕೆ ಬಂದು ಬಿದ್ದವು. ತೊರೆಯ ಬದಿಯ ರೈತರ ಮೆಕ್ಕೆಜೋಳ ಹೊಲದಲ್ಲಿಯೇ ಸುಟ್ಟುಹೋಯಿತು. ಆಮ್ಲವನ್ನು ತಣಿಸಲು ವಾಯುಪಡೆಯ ವಿಮಾನಗಳಿಂದ ನದಿಗೆ ಸುಣ್ಣ ಸುರಿಯಬೇಕಾಯಿತು.

ಈ ಸುಣ್ಣದ ಅರ್ಥವನ್ನು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಸುಣ್ಣ ಕಡಿಮೆಯಾದರೆ ದ್ರಾವಣದಲ್ಲಿ ಅದ್ದಿದ ಕತ್ತಿಯ ಅಲಗು ಕೆಂಪಾಗುತ್ತದೆ, ಎಳೆಯ ಕಾಯಿ ಸುಟ್ಟುಹೋಗುತ್ತದೆ ಎಂಬುದು ಪ್ರತಿ ಮನೆಗೂ ತಿಳಿದ ವಿಷಯ. ನೂರು ಲೀಟರಿನ ಡ್ರಮ್ಮಿನಲ್ಲಿ ಅಳತೆ ತಪ್ಪಿದರೆ ಒಂದು ತೋಟದ ಕೊನೆಗಳಿಗೆ ಹಾನಿ. ಸುಮಾರು 1,500 ಕಿಲೋಮೀಟರ್ ಹರಿಯುವ, ದೇಶದ ಅರ್ಧಕ್ಕಿಂತ ಹೆಚ್ಚು ಜನ ವಾಸಿಸುವ ಕಣಿವೆಯ ನದಿಯಲ್ಲಿ ಅಳತೆ ತಪ್ಪಿದರೆ? ಸುಣ್ಣವು ಆಮ್ಲದ ಉರಿಯನ್ನು ತಗ್ಗಿಸಬಲ್ಲದು. ಕೆಸರಿನೊಡನೆ ಬಂದು ತಳದಲ್ಲಿ ಕೂತ ಲೋಹವನ್ನು ಅದು ಇಲ್ಲವಾಗಿಸಲಾರದು.

ಒಡೆಯರು ಬದಲಾದರು, ಕೆಸರು ಬದಲಾಗಲಿಲ್ಲ

ಗಣಿ ವಿರೋಧಿ ಚಳವಳಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದುಂಟು: ತಪ್ಪೆಲ್ಲ ಪರದೇಶಿ ಕಂಪನಿಯದು, ಗಣಿ ದೇಶದ ಕೈಯಲ್ಲಿದ್ದರೆ ಎಲ್ಲವೂ ಸರಿ. ಕಿಟ್ವೆ ಮತ್ತು ಅದರ ನೆರೆಯ ಊರುಗಳ ಚರಿತ್ರೆ ಈ ಮಾತನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ವಸಾಹತು ಕಾಲದಲ್ಲಿ ಗಣಿಗಳು ಖಾಸಗಿ ಕಂಪನಿಗಳ ವಶದಲ್ಲಿದ್ದವು. 1935ರಲ್ಲಿ ತೆರಿಗೆ ಹೆಚ್ಚಳದ ವಿರುದ್ಧ ಆಫ್ರಿಕನ್ ಕಾರ್ಮಿಕರು ಮುಷ್ಕರ ಹೂಡಿದಾಗ ಲುವಾನ್ಶ್ಯಾದಲ್ಲಿ ಗುಂಡಿಗೆ ಆರು ಮಂದಿ ಬಲಿಯಾದರು. 1964ರಲ್ಲಿ ದೇಶ ಸ್ವತಂತ್ರವಾಯಿತು. 1969ರಲ್ಲಿ ಅಧ್ಯಕ್ಷ ಕೆನೆತ್ ಕೌಂಡಾ ಗಣಿಗಳ ಶೇಕಡಾ 51ರಷ್ಟು ಪಾಲನ್ನು ಸರ್ಕಾರ ಪಡೆಯುವುದಾಗಿ ಘೋಷಿಸಿದರು. ಮರುವರ್ಷ, 1970ರ ಸೆಪ್ಟೆಂಬರ್ 25ರಂದು, ಮುಫುಲಿರಾ ಗಣಿಯ ಮೇಲ್ಭಾಗದಲ್ಲಿದ್ದ ಕೆಸರಿನ ಸಂಗ್ರಹ ಕುಸಿದು ನೆಲದಡಿಯ ಸುರಂಗಗಳಿಗೆ ನುಗ್ಗಿತು. ರಾತ್ರಿ ಪಾಳಿಯ 89 ಕಾರ್ಮಿಕರು ಸತ್ತರು. ಬಾವುಟ ಬದಲಾಗಿತ್ತು, ಕೆಸರು ತನ್ನ ಸ್ವಭಾವವನ್ನು ಬದಲಿಸಿರಲಿಲ್ಲ.

ಸರ್ಕಾರದ ಕಾಲಕ್ಕೆ ನ್ಯಾಯವನ್ನೂ ಸಲ್ಲಿಸಬೇಕು. ಆ ವರ್ಷಗಳಲ್ಲಿ ಗಣಿ ಸಂಸ್ಥೆಯೇ ಮನೆ, ಆಸ್ಪತ್ರೆ, ಶಾಲೆ, ಕ್ರೀಡಾಂಗಣ, ಕಸ ವಿಲೇವಾರಿಯವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಹಿರಿಯ ಕಾರ್ಮಿಕರು ಆ ದಿನಗಳನ್ನು ನೆನೆದು ನಿಟ್ಟುಸಿರು ಬಿಡುವುದು ಸುಮ್ಮನೆ ಅಲ್ಲ. ಆದರೆ 1970ರ ದಶಕದ ನಡುವಿನಲ್ಲಿ ಜಾಗತಿಕ ತಾಮ್ರದ ಬೆಲೆ ಕುಸಿಯಿತು. ಒಂದೇ ಲೋಹವನ್ನು ನಂಬಿದ್ದ ದೇಶ ಸಾಲದಲ್ಲಿ ಮುಳುಗಿತು. ಸಾಲ ಕೊಟ್ಟವರ ಒತ್ತಡದಲ್ಲಿ 1997ರಿಂದ 2000ದವರೆಗೆ ಸರ್ಕಾರಿ ಗಣಿಗಳನ್ನು ತುಂಡುತುಂಡಾಗಿ ಮಾರಲಾಯಿತು. ಹೊಸ ಒಡೆಯರೊಡನೆ ಮಾಡಿಕೊಂಡ ಗುಟ್ಟಿನ ಒಪ್ಪಂದಗಳಲ್ಲಿ ರಾಜಧನವನ್ನು ಶೇಕಡಾ 0.6ರ ಮಟ್ಟಕ್ಕೆ ಇಳಿಸಲಾಗಿತ್ತು. ನೆಲದೊಡೆಯನಾದ ದೇಶಕ್ಕೆ ನೂರು ರೂಪಾಯಿ ಮೌಲ್ಯದ ಅದಿರಿನಲ್ಲಿ ಅರವತ್ತು ಪೈಸೆ!

ಮುಫುಲಿರಾದ ಕಂಕೊಯೊ ಬಡಾವಣೆಯ ಜನರು ಕುಲುಮೆಯ ಗಂಧಕದ ಹೊಗೆಯನ್ನು ಸೆಂಟಾ ಎಂದು ಕರೆಯುತ್ತಾರೆ. ಅಲ್ಲಿನ ಕುಲುಮೆ 1937ರಲ್ಲಿ ಆರಂಭವಾಯಿತು. ಹೊಗೆಯ ಬಹುಪಾಲನ್ನು ಹಿಡಿದು ಆಮ್ಲವಾಗಿಸುವ ವ್ಯವಸ್ಥೆ ಪೂರ್ಣಗೊಂಡದ್ದು 2014ರಲ್ಲಿ. ನಡುವಿನ 77 ವರ್ಷಗಳಲ್ಲಿ ಬ್ರಿಟಿಷ್ ಆಳ್ವಿಕೆ ಹೋಗಿ, ಸ್ವಂತ ಸರ್ಕಾರ ಬಂದು, ಮತ್ತೆ ಸ್ವಿಟ್ಜರ್‌ಲೆಂಡಿನ ಕಂಪನಿ ಬಂದಿತ್ತು. ಮನೆಯ ಸೂರಿನ ತಗಡನ್ನು ತಿಂದ ಹೊಗೆಗೆ ಒಡೆಯ ಯಾರಾದರೇನು?

ಅಲ್ಲಿ ಪರದೇಶಿ ಯಾರು?

ಈ ಕಥೆಯಲ್ಲಿ ಕನ್ನಡದ ಓದುಗರಿಗೆ ಮುಜುಗರ ಉಂಟುಮಾಡುವ ಭಾಗವೊಂದಿದೆ. ಕಿಟ್ವೆಯ ವಾಯವ್ಯಕ್ಕಿರುವ ಚಿಂಗೋಲಾದಲ್ಲಿ ಎನ್‌ಚಾಂಗಾ ಗಣಿಯಿದೆ. ಅದರ ತೆರೆದ ಗುಂಡಿ ಆಫ್ರಿಕಾದ ಅತಿ ದೊಡ್ಡ ತೆರೆದ ಗುಂಡಿಗಳಲ್ಲಿ ಒಂದು. ಅದನ್ನು ನಡೆಸುವ ಕೊಂಕೊಲಾ ಕಾಪರ್ ಮೈನ್ಸ್ ಕಂಪನಿಯಿಂದ ಆಂಗ್ಲೊ ಅಮೆರಿಕನ್ ಸಂಸ್ಥೆ 2002ರಲ್ಲಿ ಹಿಂದೆ ಸರಿದ ಮೇಲೆ, 2004ರಲ್ಲಿ ಅದರ ಶೇಕಡಾ 51ರಷ್ಟು ಪಾಲು 2.5 ಕೋಟಿ ಡಾಲರಿಗೆ ವೇದಾಂತ ಸಮೂಹದ ಕೈ ಸೇರಿತು. ಸಮೂಹದ ಮುಖ್ಯಸ್ಥ ಅನಿಲ್ ಅಗರ್ವಾಲ್ ಅವರು 2014ರಲ್ಲಿ ವ್ಯಾಪಾರಸ್ಥರ ಸಭೆಯೊಂದರಲ್ಲಿ, ಇಷ್ಟು ಅಗ್ಗಕ್ಕೆ ಕೊಂಡ ಗಣಿಯಿಂದ ವರ್ಷವೂ ಕನಿಷ್ಠ 50 ಕೋಟಿ ಡಾಲರ್ ಬರುತ್ತಿದೆ ಎಂದು ಸಂತೋಷದಿಂದ ಹೇಳಿಕೊಂಡರು. ಆ ಮಾತಿನ ದೃಶ್ಯಮುದ್ರಿಕೆ ಜಾಂಬಿಯಾ ತಲುಪಿದಾಗ ಅಲ್ಲಿ ಆಕ್ರೋಶವೆದ್ದಿತು. ಆ ಸಭೆ ನಡೆದದ್ದು ಲಂಡನ್ನಿನಲ್ಲಲ್ಲ, ಬೆಂಗಳೂರಿನಲ್ಲಿ.

ಅದೇ ಸಮೂಹ 2007ರಲ್ಲಿ ಕೊಂಡ ಸೇಸಾ ಗೋವಾ ಕಂಪನಿಯ ಮೂಲಕ ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನವರೆಗೆ ಅದರ ಕೈ ಚಾಚಿದೆ. ಅದೇ ಸಮೂಹದ ತೂತ್ತುಕುಡಿಯ ತಾಮ್ರದ ಕುಲುಮೆಯ ವಿರುದ್ಧ 2018ರ ಮೇ ತಿಂಗಳಲ್ಲಿ ಜನರು ಬೀದಿಗಿಳಿದಾಗ ಪೊಲೀಸರ ಗುಂಡಿಗೆ 13 ಮಂದಿ ಬಲಿಯಾದರು. ಕುಲುಮೆಯನ್ನು ತಮಿಳುನಾಡು ಸರ್ಕಾರ ಮುಚ್ಚಿಸಿತು. ಆ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ದಿನಗಟ್ಟಲೆ ಬಂದಿತು. ಚಿಂಗೋಲಾದ ಸುದ್ದಿ ಮಾತ್ರ ಸದ್ದಿಲ್ಲದೆ ಕಳೆದುಹೋಯಿತು. ಪರದೇಶಿ ಕಂಪನಿಗಳ ವಿರುದ್ಧ ಘೋಷಣೆ ಕೂಗುವುದು ಸುಲಭ. ಭಾರತದಲ್ಲಿ ಬೇರೂರಿದ ಕಂಪನಿಯೇ ಬೇರೊಂದು ದೇಶದಲ್ಲಿ ಪರದೇಶಿಯಾಗಿ ನಿಂತಾಗ ಅಲ್ಲಿನ ರೈತರ ಪರವಾಗಿ ದನಿಯೆತ್ತುವುದು ಪರಿಸರ ಚಳವಳಿಯ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ.

ದಾಖಲೆಯಿಲ್ಲದವನಿಗೆ ನ್ಯಾಯವೂ ಇಲ್ಲ

2006ರ ನವೆಂಬರಿನಲ್ಲಿ ಎನ್‌ಚಾಂಗಾದ ಕೆಸರಿನ ಕೊಳವೆ ಒಡೆದು ಕಾಫ್ಯೂ ನದಿ ಕಲುಷಿತವಾಯಿತು. ಚಿಂಗೋಲಾದ ನೀರು ಪೂರೈಕೆ ನಿಂತಿತು. ಸುಮಾರು 2,000 ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಜಾಂಬಿಯಾದ ಉಚ್ಚ ನ್ಯಾಯಾಲಯ ಕಂಪನಿಯ ಘೋರ ನಿರ್ಲಕ್ಷ್ಯವನ್ನು ಎತ್ತಿತೋರಿಸಿ ಎಲ್ಲರಿಗೂ ಪರಿಹಾರ ವಿಧಿಸಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಹೊಣೆಯನ್ನು ಎತ್ತಿಹಿಡಿದರೂ ಪರಿಹಾರವನ್ನು ವೈದ್ಯಕೀಯ ವರದಿ ಹಾಜರುಪಡಿಸಿದ್ದ 12 ಮಂದಿಗಷ್ಟೇ ಸೀಮಿತಗೊಳಿಸಿತು. ಅದೇ ನೀರನ್ನು ಕುಡಿದ ಉಳಿದವರ ಕೈಯಲ್ಲಿ ಕಾಗದವಿರಲಿಲ್ಲ.

ಮುಂದಿನ ಹೋರಾಟ ಬ್ರಿಟನ್ನಿನಲ್ಲಿ ನಡೆಯಿತು. ನದಿಯ ಬದಿಯ ಹಳ್ಳಿಗಳ 1,826 ಮಂದಿ, ತಮ್ಮ ನೀರೂ ನೆಲವೂ ಹಾಳಾದವೆಂದು ಮೂಲ ಕಂಪನಿಯ ಮೇಲೆ ಲಂಡನ್ನಿನಲ್ಲಿಯೇ ದಾವೆ ಹೂಡಿದರು. ಅಲ್ಲಿ ದಾವೆ ನಡೆಯಬಹುದೇ ಎಂಬ ಒಂದೇ ಪ್ರಶ್ನೆ ನಾಲ್ಕು ವರ್ಷ ತಿಂದಿತು. 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಹಳ್ಳಿಗರ ಪರವಾಗಿ ತೀರ್ಪಿತ್ತಿತು. ಆ ತೀರ್ಪಿನ ಎರಡು ಅಂಶಗಳು ಗಮನಾರ್ಹ. ಸಮೂಹದ ಎಲ್ಲ ಗಣಿಗಳ ಪರಿಸರ ನಿರ್ವಹಣೆಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಮೂಲ ಕಂಪನಿ ಪ್ರಕಟಿಸಿದ್ದ ವರದಿಗಳೇ ಅದರ ಹೊಣೆಯನ್ನು ಪ್ರಶ್ನಿಸಲು ಆಧಾರವಾದವು. ಇನ್ನೊಂದು, ಇಷ್ಟೊಂದು ಬಡ ಹಳ್ಳಿಗರು ಒಟ್ಟಾಗಿ ಇಂತಹ ಬೃಹತ್ ದಾವೆಯನ್ನು ನಡೆಸಲು ಬೇಕಾದ ಹಣವೂ ಅನುಭವವುಳ್ಳ ವಕೀಲರ ತಂಡವೂ ಅವರ ದೇಶದಲ್ಲಿ ಸಿಗದೆ ನ್ಯಾಯ ಕೈತಪ್ಪುವ ಅಪಾಯವಿದೆಯೆಂದು ನ್ಯಾಯಾಲಯ ಒಪ್ಪಿತು. 2021ರ ಜನವರಿಯಲ್ಲಿ, ತಪ್ಪೊಪ್ಪಿಗೆಯಿಲ್ಲದೆ, ಹೊಂದಾಣಿಕೆಯಾಗಿ ದಾವೆ ಮುಗಿಯಿತು. ಇತ್ತ 2019ರಲ್ಲಿ ಸರ್ಕಾರ ಗಣಿಯನ್ನು ಕಂಪನಿಯಿಂದ ಕಿತ್ತುಕೊಂಡಿತು. 2024ರಲ್ಲಿ ಮತ್ತೆ ಅದೇ ಕಂಪನಿಗೆ ಒಪ್ಪಿಸಿತು.

ಸಂಬಳದ ಮಾತು

ಇಷ್ಟನ್ನು ಕೇಳಿ, ಹಾಗಾದರೆ ಕಿಟ್ವೆಯ ಜನರು ಗಣಿಯನ್ನು ದ್ವೇಷಿಸುತ್ತಾರೆಂದು ಭಾವಿಸಿದರೆ ಅದು ತಪ್ಪು. ದೇಶದ ರಫ್ತು ಗಳಿಕೆಯ ಸುಮಾರು ಶೇಕಡಾ 70 ತಾಮ್ರದಿಂದಲೇ ಬರುತ್ತದೆ. ಗಣಿ ಮುಚ್ಚಿದ ವರ್ಷಗಳನ್ನು ಆ ಊರುಗಳು ಬರಗಾಲದಂತೆ ನೆನೆಯುತ್ತವೆ. ಸಂಬಳ ನಿಂತ ಮನೆಯ ಎದುರು ನಿಂತು ನದಿಯ ಸೌಂದರ್ಯವನ್ನು ವರ್ಣಿಸುವುದು ಕ್ರೌರ್ಯವಾದೀತು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಾಗಲೂ ಭದ್ರೆಗೆ ಬಿಡುಗಡೆಯಾಯಿತೆಂದು ಹರ್ಷಿಸಿದವರಿದ್ದರು, ಕೆಲಸ ಹೋಯಿತೆಂದು ಕಣ್ಣೀರಿಟ್ಟವರೂ ಇದ್ದರು. ಇಬ್ಬರ ಮಾತೂ ಸುಳ್ಳಲ್ಲ. ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಕೆಸರು ಇಂದಿಗೂ ಅಲ್ಲಿಯೇ ಇದೆ ಎಂಬುದೂ ಸುಳ್ಳಲ್ಲ.

ಬೇಡಿಕೆಯೂ ಕಡಿಮೆಯಾಗುವ ಲಕ್ಷಣವಿಲ್ಲ. ವಿದ್ಯುತ್ ವಾಹನಕ್ಕೆ ಸಾಮಾನ್ಯ ವಾಹನಕ್ಕಿಂತ ಕೆಲವು ಪಟ್ಟು ಹೆಚ್ಚು ತಾಮ್ರ ಬೇಕು. ಗಾಳಿಯಂತ್ರಕ್ಕೆ, ಸೌರಫಲಕದ ಸಂಪರ್ಕಕ್ಕೆ, ಹೊಸ ವಿದ್ಯುತ್ ಮಾರ್ಗಗಳಿಗೆ ತಾಮ್ರ ಬೇಕು. ಮುಂದಿನ ದಶಕದ ಆರಂಭದೊಳಗೆ ವರ್ಷಕ್ಕೆ 30 ಲಕ್ಷ ಟನ್ ತೆಗೆಯುವ ಗುರಿಯನ್ನು ಜಾಂಬಿಯಾ ಸರ್ಕಾರ ಇರಿಸಿಕೊಂಡಿತು. 2024ರ ಉತ್ಪಾದನೆ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಿತ್ತು. ಹಸಿರು ಇಂಧನದ ಹೆಸರಿನಲ್ಲಿ ಬರುವ ತಾಮ್ರವೂ ಕಾಫ್ಯೂ ನದಿಯ ದಡದಿಂದಲೇ ಬರಬೇಕಾದರೆ, ಅದು ಯಾರಿಗೆ ಹಸಿರು ಎಂದು ಕೇಳುವ ಹಕ್ಕು ಅಲ್ಲಿನ ರೈತರಿಗಿದೆ.

ಆದ್ದರಿಂದ ವಾದವಿರಬೇಕಾದದ್ದು ಗಣಿ ಬೇಕೋ ಬೇಡವೋ ಎಂಬ ಒಂದೇ ಮಾತಿನಲ್ಲಿ ಅಲ್ಲ. ಕೆಲವು ಜಾಗಗಳಲ್ಲಿ ಗಣಿ ಬೇಡವೇ ಬೇಡ. ನದಿಗಳ ಉಗಮಸ್ಥಾನ, ಕಡಿದಾದ ಮಳೆಕಾಡು ಅಂತಹವು. ಇತರೆಡೆ ಗಣಿ ತೆರೆಯುವ ಮುನ್ನವೇ ಕೆಲವು ಷರತ್ತುಗಳು ಕಡ್ಡಾಯವಾಗಬೇಕು. ಗಣಿ ಮುಚ್ಚಿದ ಮೇಲೆ ಕೆಸರನ್ನು ಕಾಯಲು ಬೇಕಾದ ಹಣವನ್ನು ಕಂಪನಿ ಮುಂಗಡವಾಗಿ ಠೇವಣಿ ಇಡಬೇಕು. ಕೆಸರಿನ ಅಣೆಕಟ್ಟನ್ನು ಕಂಪನಿಯ ಸಂಬಳ ಪಡೆಯದ ತಜ್ಞರು ಪರೀಕ್ಷಿಸಬೇಕು. ಅವರ ವರದಿ ಕೆಳಹೊಳೆಯ ಹಳ್ಳಿಗಳಿಗೆ ಅವರದೇ ಭಾಷೆಯಲ್ಲಿ ಸಿಗಬೇಕು. ಒಪ್ಪಂದದಲ್ಲಿ ಗುಟ್ಟಿನ ಪುಟಗಳು ಇರಕೂಡದು. ಬೇಡವೆನ್ನುವ ಅಧಿಕಾರ ಕೆಳಹೊಳೆಯ ಗ್ರಾಮಸಭೆಗೂ ಇರಬೇಕು, ಏಕೆಂದರೆ ಕೆಸರು ಗಣಿಯ ಗಡಿಕಲ್ಲನ್ನು ಓದುವುದಿಲ್ಲ.

ಹಳ್ಳಿಗರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ ಇದಕ್ಕಿಂತ ಚಿಕ್ಕದು, ಆದರೆ ಇದಕ್ಕಿಂತ ಮೊದಲಿನದು. ಯಾವುದೇ ಯೋಜನೆ ಊರಿಗೆ ಬರುವ ಮುನ್ನವೇ ಊರಿನ ಬಾವಿ, ಕೆರೆ, ಹಳ್ಳಗಳ ನೀರನ್ನು ವರ್ಷಕ್ಕೆರಡು ಬಾರಿ, ಮಳೆಗೆ ಮುನ್ನ ಮತ್ತು ಮಳೆಯ ನಂತರ, ಪರೀಕ್ಷಿಸಿ ವರದಿಯನ್ನು ಪಂಚಾಯಿತಿಯಲ್ಲಿಯೂ ಶಾಲೆಯಲ್ಲಿಯೂ ಇಡಬೇಕು. ಕಾಯಿಲೆ ಬಿದ್ದವರ ಚೀಟಿಗಳನ್ನು ಎಸೆಯಬಾರದು. ಮೀನು, ಕಪ್ಪೆ, ತೋಟದ ಇಳುವರಿಯ ವಿವರವನ್ನು ಬರೆದಿಡಬೇಕು. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮನಸ್ಸು ಮಾಡಿದರೆ ಇದು ಮಕ್ಕಳ ಪಾಠವೇ ಆಗಬಲ್ಲದು. ಹಾಗೆಯೇ ಮನೆಯ ಮೂಲೆಯಲ್ಲಿ ಬಿದ್ದ ಸುಟ್ಟ ಮೋಟಾರಿನ ತಂತಿ, ಒಡೆದ ಹಂಡೆ, ಹಳೆಯ ಪಾತ್ರೆ ಮರಳಿ ಕರಗುವ ದಾರಿ ಹಿಡಿಯಲಿ. ತಾಮ್ರವನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕುಂದುವುದಿಲ್ಲ, ಮರಳಿ ಬಂದ ಒಂದು ಕಿಲೋ ಎಂದರೆ ಎಲ್ಲಿಯೋ ಅರೆಯದೆ ಉಳಿದ ಮೂವತ್ತು ನಲವತ್ತು ಕಿಲೋ ಕಲ್ಲು.

ಚಿಂಗೋಲಾದ ಎರಡು ಸಾವಿರ ಮಂದಿಯಲ್ಲಿ ಹನ್ನೆರಡು ಮಂದಿಗಷ್ಟೇ ಕಾಗದವಿತ್ತು. ಮಲೆನಾಡಿನ ಎಷ್ಟು ಹಳ್ಳಿಗಳ ಬಾವಿಗೆ ಇಂದು ಅಂತಹ ಒಂದು ಕಾಗದವಿದೆ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿ ನೋಡುವುದು ಒಳ್ಳೆಯ ಆರಂಭವಾದೀತು.